ಬರೀ ಅಜ್ಜಿ, ಊರಿನ ಅಜ್ಜಿ

ಎರಡೂ ಕಡೆಯ ಅಜ್ಜಿಯರಿರುವ ಮನೆಯಲ್ಲಿ ಮಕ್ಕಳು ಮಾತಾಡೋದನ್ನ ಸ್ವಲ್ಪ ಹೊತ್ತು ಕೇಳಿ ನೋಡಿ. ಒಬ್ಬರು ಬರೀ ಅಜ್ಜಿ ಆಗಿರುತ್ತಾರೆ. ಇನ್ನೊಬ್ಬರು ಯಾವುದೋ ಊರಿನ ಅಜ್ಜಿ. ಕುಶಾಲನಗರದ ಅಜ್ಜಿ, ಪಿರಿಯಾಪಟ್ಟಣದ ಅಜ್ಜಿ, ಸಕಲೇಶಪುರದ ಅಜ್ಜಿ. ಈ ಊರು ಅಂಟಿಕೊಳ್ಳೋದು ಹೆಚ್ಚಾಗಿ ಅಮ್ಮನ ಅಮ್ಮನಿಗೆ. ಮಗು ತವರಿನಲ್ಲೇ ಬೆಳೆದರೆ ಅದು ತಿರುಗುಮುರುಗಾಗುತ್ತೆ, ಅಷ್ಟೇ. ಯಾರೂ ಬೇಕಂತ ಮಾಡೋದಲ್ಲ. ಇಬ್ಬರಲ್ಲಿ ಯಾರ ಮಾತು ಅಂತ ಗೊತ್ತಾಗಬೇಕಲ್ವಾ, ಅದಕ್ಕೆ. ಆದರೆ ಗುರುತಿಗೆ ಬೇಕಿದ್ದರೆ ಇಬ್ಬರಿಗೂ ಊರು ಸೇರಿಸಬಹುದಿತ್ತು. ಸೇರಿಸೋದಿಲ್ಲ. ಒಬ್ಬರಿಗೆ ಮಾತ್ರ ಸೇರಿಸುತ್ತೇವೆ. ಉಳಿದವರಿಗೆಲ್ಲ ಅದು ಸಾಮಾನ್ಯ ಮಾತು. ಆ ಒಬ್ಬರಿಗೆ ಮಾತ್ರ ಪ್ರತಿ ಸಲವೂ ಬೇರೆಯಾಗಿ ಕೇಳಿಸುತ್ತೆ.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಅವನ ಹೆಂಡತಿಗೆ ಈಗ ಏಳು ತಿಂಗಳು. "ಅಕ್ಕಾ, ಅಜ್ಜಿಯರನ್ನ ಏನಂತ ಕರೆಯೋದು ಅನ್ನೋ ಗಲಾಟೆ ನಿಮ್ಮನೇಲಿ ಹೇಗೆ ಮುಗೀತು?" ಅಂತ ಕೇಳಿದ. ಫೋನಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅದು. ಏನೋ ಎರಡು ಮಾತು ಹೇಳಿದೆ. ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ ಓಡುತ್ತಿತ್ತು. ಅವನಿಗೋಸ್ಕರ, ಅವನಂಥ ಬೇರೆಯವರಿಗೋಸ್ಕರ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಸೋಮವಾರಪೇಟೆ ಕಡೆ, ಮನೆಮಾತು ಕನ್ನಡ. ಗಂಡನ ಮನೆ ಪೊನ್ನಂಪೇಟೆ ಹತ್ತಿರ, ಕೊಡವರು. ನಾವಿರೋದು ಮಡಿಕೇರಿಯಲ್ಲಿ, ಎರಡೂ ಮನೆಗಳ ನಡುವೆ. ಮದುವೆ ಮಾತುಕತೆಯಲ್ಲಿ ದೊಡ್ಡ ದೊಡ್ಡ ವಿಷಯಗಳೆಲ್ಲ ಬಂದು ಹೋಗಿದ್ದವು. ಊಟ, ಪೂಜೆ, ಮದುವೆ ಯಾರ ಪದ್ಧತಿಯಲ್ಲಿ ಅನ್ನೋದು, ಎಲ್ಲದಕ್ಕೂ ಎರಡೂ ಕಡೆಯವರು ಬಗ್ಗಿದರು. ನಾಳೆ ಹುಟ್ಟೋ ಮಗು ಅಜ್ಜಿಯನ್ನ ಏನಂತ ಕರೆಯಬೇಕು ಅನ್ನೋದು ಯಾರ ತಲೆಗೂ ಹೊಳೆಯಲಿಲ್ಲ.

ಅವ್ವ, ತಾಯಿ, ಅಜ್ಜಿ

ನಮ್ಮ ಮನೆಯಲ್ಲಿ ಅಜ್ಜಿಯನ್ನ ನಾವೆಲ್ಲ ಅವ್ವ ಅಂತಲೇ ಕರೆದು ಬೆಳೆದವರು. ಅಮ್ಮ ತನ್ನ ಸರದಿಗೆ ಕಾಯುತ್ತಿದ್ದಳು. ನಾನು ಬಸುರಿ ಅಂತ ಗೊತ್ತಾದ ದಿನವೇ, "ನಂಗೂ ಅವ್ವ ಅನ್ನಿಸಿಕೊಳ್ಳೋ ಕಾಲ ಬಂತು" ಅಂದಿದ್ದಳು. ಆದರೆ ನನ್ನ ಗಂಡನ ಮನೆಯಲ್ಲಿ ಅವ್ವ ಅಂದರೆ ಹೆತ್ತವಳು. ಮಗು ಅವ್ವ ಅಂತ ಕೂಗಿದರೆ ಅಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅಜ್ಜಿಗೆ ಅವರಲ್ಲಿ ತಾಯಿ ಅನ್ನುತ್ತಾರೆ. ಅದು ಅಮ್ಮನ ಕಿವಿಗೆ ಬಿದ್ದಾಗ ಅವಳ ಮುಖ ಸಪ್ಪಗಾಯಿತು. "ಅವರು ತಾಯಿ ಆದ್ರೆ ನೀನ್ಯಾರು? ನಾನ್ಯಾರು?" ಅಂದಳು. ಅವರ ಮಾತಿನಲ್ಲಿ ಅದಕ್ಕೆ ಅಜ್ಜಿ ಅಂತ ಅರ್ಥ ಅಂತ ಎಷ್ಟು ಹೇಳಿದರೂ ಅದು ತಲೆಗೆ ಹೋಯಿತು, ಎದೆಗೆ ಹೋಗಲಿಲ್ಲ. ಅವಳು ವರ್ಷಗಟ್ಟಲೆ ಎತ್ತಿಟ್ಟುಕೊಂಡಿದ್ದ ಹೆಸರು ಅವಳಿಗೆ ಸಿಗೋದಿಲ್ಲ. ಬೀಗಿತ್ತಿಗೆ ಮಾತ್ರ ಅದಕ್ಕಿಂತ ದೊಡ್ಡದಾಗಿ ಕೇಳಿಸೋ ಹೆಸರು. ಅವಳ ಜಾಗದಲ್ಲಿ ನಿಂತು ನೋಡಿದರೆ ಅದು ಸಣ್ಣ ನೋವಲ್ಲ.

ಮಗುವನ್ನ ತೊಟ್ಟಿಲಿಗೆ ಹಾಕೋ ದಿನ ಗಂಡನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಅಮ್ಮ, ಅಪ್ಪ ಬೆಳಿಗ್ಗೆಯೇ ಬಂದಿದ್ದರು. ಅಮ್ಮ ಮಗುವನ್ನ ಮಡಿಲಲ್ಲಿ ಹಾಕಿಕೊಂಡು ಕಿಟಕಿ ಹತ್ತಿರ ಕೂತಿದ್ದಳು. ವಯಸ್ಸಾದ ನೆಂಟರೊಬ್ಬರು ಪ್ರೀತಿಯಿಂದಲೇ ಬಂದು ಮಾತಾಡಿಸಿ, ಇವರನ್ನ ಕೂಸು ಏನು ಕರೆಯುತ್ತೆ ಅಂತ ಕೇಳಿದರು. ಅಮ್ಮ ಬಾಯಿ ತೆರೆಯೋ ಮೊದಲೇ ಅಡುಗೆಮನೆ ಬಾಗಿಲಿಂದ ಯಾರೋ, "ಅವರು ಸೋಮವಾರಪೇಟೆ ಅಜ್ಜಿ" ಅಂದರು. ಅಷ್ಟೇ. ಎಲ್ಲರೂ ತಲೆಯಾಡಿಸಿದರು. ಮಾತು ಮುಂದಕ್ಕೆ ಹೋಯಿತು. ಅಮ್ಮ ನಕ್ಕಳು. ಮಗುವಿನ ಟೋಪಿ ಸರಿ ಮಾಡಿದಳು. ನನಗೆ ಅವಳ ನಗು ಗೊತ್ತು. ಅದು ನಗು ಆಗಿರಲಿಲ್ಲ.

ಸಂಜೆ ಒಳಗಿನ ಕೋಣೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಾ ಹೇಳಿದಳು: "ನಾನೇನು ಬಸ್ಸಾ, ಊರಿನ ಬೋರ್ಡು ಹಾಕೋಕೆ? ಅವ್ವ ಬೇಡ ಅಂದ್ರೆ ಬೇಡ. ಅಜ್ಜಿ ಅನ್ನಿ. ಬರೀ ಅಜ್ಜಿ ಅನ್ನಿ. ಊರು ಯಾಕೆ?" ಕಣ್ಣಲ್ಲಿ ನೀರಿತ್ತು. ಅಲ್ಲಿಯತನಕ ಇದನ್ನ ಎರಡು ಭಾಷೆಯ ತೊಡಕು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವಳು ಹೇಳಿದ ಮೇಲೆ ನನಗೆ ನಿಜವಾದ ಮುಳ್ಳು ಎಲ್ಲಿದೆ ಅಂತ ಕಂಡಿತು. ಊರಿನ ಹೆಸರು ಸೇರಿಸೋದು ಅಂದರೆ, ಇವರು ಇಲ್ಲಿಯವರಲ್ಲ, ಬಂದು ಹೋಗೋರು ಅಂತ ಪ್ರತಿ ಸಲ ಹೇಳಿದ ಹಾಗೆ.

ಕನ್ನಡದಲ್ಲಿ ನಾವು ಅಪ್ಪನ ತಮ್ಮನನ್ನ ಚಿಕ್ಕಪ್ಪ ಅನ್ನುತ್ತೇವೆ, ಅಮ್ಮನ ತಮ್ಮನನ್ನ ಮಾವ. ಅಪ್ಪನ ತಂಗಿ ಅತ್ತೆ, ಅಮ್ಮನ ತಂಗಿ ಚಿಕ್ಕಮ್ಮ. ಆ ಮಟ್ಟದಲ್ಲಿ ಇಷ್ಟೊಂದು ಲೆಕ್ಕ. ಅಜ್ಜ ಅಜ್ಜಿ ವಿಷಯಕ್ಕೆ ಬಂದರೆ ಎರಡೂ ಕಡೆಗೆ ಒಂದೇ ಹೆಸರು. ಹಿಂದಿಯ ದಾದಿ, ನಾನಿ ಥರ ಬೇರೆ ಬೇರೆ ಇಲ್ಲ. ಕೊಡವರ ಭಾಷೆ ಕೊಡವ ತಕ್ಕ್‌ನಲ್ಲೂ ಅಜ್ಜ, ತಾಯಿ ಎರಡೂ ಕಡೆಗೆ ಸಲ್ಲುತ್ತೆ. ಅತ್ತೆ ಮಗ, ಮಾವನ ಮಗಳು ಅಂತ ಒಳಗೊಳಗೇ ಮದುವೆ ಆಗುತ್ತಿದ್ದ ಕಾಲದಲ್ಲಿ ಇಬ್ಬರು ಅಜ್ಜಿಯರೂ ಮೊದಲೇ ನೆಂಟರು, ಎಷ್ಟೋ ಸಲ ಅತ್ತಿಗೆ ನಾದಿನಿಯರು. ಈಗ ಮದುವೆಯ ದಿನವೇ ಒಬ್ಬರಿಗೊಬ್ಬರು ಪರಿಚಯ. ಹೆಸರು ಹಂಚಿಕೊಳ್ಳೋದು ಮೊದಲಿನಷ್ಟು ಸುಲಭ ಅಲ್ಲ. ನನಗೆ ಮಾತ್ರ ಎರಡೂ ಕಡೆಗೆ ಒಂದೇ ಹೆಸರು ಇರೋದು ತುಂಬ ಚೆನ್ನಾಗಿದೆ ಅನ್ನಿಸುತ್ತೆ. ಆ ಒಂದು ವಿಷಯದಲ್ಲಾದರೂ ನಮ್ಮ ಹಿರಿಯರು ಅಮ್ಮನ ಕಡೆ ಅಪ್ಪನ ಕಡೆ ಅಂತ ಭೇದ ಮಾಡಲಿಲ್ಲ. ಊರು ಸೇರಿಸಿ ಭೇದ ಮಾಡಿದವರು ನಾವು.

ಕಾಫಿ ಕಣದ ಮಾತು

ಕೊಡವರಲ್ಲಿ ಮಗು ಅಪ್ಪನ ಒಕ್ಕಕ್ಕೆ, ಅಂದರೆ ಅಪ್ಪನ ಕಡೆಯ ಮನೆತನಕ್ಕೆ ಸೇರಿದ್ದು. ಹೆಸರಿನ ಮುಂದೆ ಒಕ್ಕದ ಹೆಸರು ಬರುತ್ತೆ. ಮದುವೆಯಾಗಿ ಬಂದ ಹೆಣ್ಣು ಗಂಡನ ಒಕ್ಕದವಳಾಗುತ್ತಾಳೆ, ಹುಟ್ಟಿದ ಮನೆ ತಾಮನೆ ಆಗುತ್ತೆ. 1952ರಲ್ಲಿ ಕೊಡವರ ಬಗ್ಗೆ ಪುಸ್ತಕ ಹೊರತಂದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಒಕ್ಕದ ಬಗ್ಗೆಯೇ ತುಂಬ ಬರೆದಿದ್ದಾರೆ. ಇದೆಲ್ಲ ಗೊತ್ತಿದ್ದೇ ಮದುವೆಯಾದವಳು ನಾನು. ಅದರ ಮೇಲೆ ನನಗೆ ಗೌರವ ಇದೆ. ಆದರೆ ಒಕ್ಕ ಮಗುವಿಗೆ ಹೆಸರು ಕೊಡಬಹುದು. ಮಗುವಿನ ಅಮ್ಮನ ಅಮ್ಮನಿಗೆ ಹೆಸರು ಕೊಡೋ ಕೆಲಸ ಒಕ್ಕದ್ದಲ್ಲ. ಅದನ್ನ ನನ್ನ ಗಂಡನಿಗೆ ಹೇಳಿದೆ. ಅವರು ಒಪ್ಪಿದರು. ಅತ್ತೆಯ ಹತ್ತಿರ ತಾನೇ ಮಾತಾಡುತ್ತೇನೆ ಅಂದರು.

ಮಾತಾಡಿದ್ದು ರೊಬಸ್ಟಾ ಕೊಯ್ಲಿನ ಸಮಯದಲ್ಲಿ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ಅತ್ತೆ ಅದನ್ನ ಎಳೆದು ತಿರುವುತ್ತಿದ್ದರಂತೆ. ಇವರು ಪಕ್ಕದಲ್ಲಿ ನಿಂತು ಅಮ್ಮನ ಬೇಜಾರು ಹೇಳಿದರು. ಸೋಮವಾರಪೇಟೆ ಅಜ್ಜಿ ಅನ್ನೋದು ಬೇಡ ಅನ್ನೋದಕ್ಕೆ ಅತ್ತೆ ತಕ್ಷಣ ಒಪ್ಪಿದರು. "ಯಾರಂದ್ರು ಹಾಗೆ? ಹೇಳೋರಿಗೆ ನಾನು ಹೇಳ್ತೇನೆ" ಅಂದರಂತೆ. ತಾಯಿ ಅನ್ನೋದರ ಬಗ್ಗೆ ಬಂದಾಗ ಮಾತ್ರ ಎಳೆಯೋದು ನಿಲ್ಲಿಸಿ ಹೇಳಿದರಂತೆ: "ನಾನು ಈ ಮನೆಗೆ ಬಂದಾಗ ಮಕ್ಕಳೆಲ್ಲ ಅತ್ತೇನ ತಾಯಿ ಅಂತ ಕೂಗೋರು. ಅವರು ಹೋದ ಮೇಲೆ ಈ ಮನೇಲಿ ಯಾರೂ ಹಾಗೆ ಕೂಗಿಲ್ಲ. ನಂಗೆ ಅದು ಬೇಕು."

ಇದನ್ನ ಇವರು ರಾತ್ರಿ ನನಗೆ ಹೇಳಿದಾಗ ನಾನು ತುಂಬ ಹೊತ್ತು ಸುಮ್ನೆ ಕೂತೆ. ಅತ್ತೆಯ ಕೋರಿಕೆಗೂ ಅಮ್ಮನ ಕೋರಿಕೆಗೂ ಒಂದೇ ತೂಕ ಅಲ್ಲ ಅನ್ನಿಸಿತು. ಕನ್ನಡಕ್ಕೆ ಮಡಿಕೇರಿಯಲ್ಲಿ ಏನು ಕೊರತೆ? ಶಾಲೆ, ಬಸ್ಸು, ಕಚೇರಿ, ಅಂಗಡಿ, ಎಲ್ಲ ಕನ್ನಡವೇ. ನಮ್ಮ ಬೀದಿಯಲ್ಲೇ ಅರೆಭಾಷೆಯವರು, ಮಲಯಾಳದವರು, ತುಳುವರು ಇದ್ದೇವೆ, ಒಬ್ಬರ ಹತ್ತಿರ ಒಬ್ಬರು ಮಾತಾಡೋದು ಕನ್ನಡದಲ್ಲೇ. ಅಜ್ಜಿ ಅನ್ನೋದನ್ನ ನನ್ನ ಮಗಳು ನೂರು ಕಡೆ ಕೇಳುತ್ತಾಳೆ. ಕೊಡವ ತಕ್ಕ್ ಹಾಗಲ್ಲ. 2001ರ ಜನಗಣತಿಯಲ್ಲಿ ಅದು ತಾಯಿನುಡಿ ಅಂತ ಬರೆಸಿದವರು 1.66 ಲಕ್ಷ, 2011ರಲ್ಲಿ 1.14 ಲಕ್ಷದ ಹತ್ತಿರ. ಯುನೆಸ್ಕೋದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲೂ ಅದಿದೆ. ಮನೆಯಲ್ಲಿ ಕನ್ನಡದವಳು ಸೊಸೆಯಾಗಿ ಬಂದಿರುವಾಗ ಮೊಮ್ಮಗಳ ಬಾಯಲ್ಲಿ ತನ್ನ ಮಾತು ಎಷ್ಟು ಉಳಿಯುತ್ತೋ ಅನ್ನೋ ಭಯ ಅತ್ತೆಗೆ ಇರದೆ ಇರುತ್ತಾ? ತಾಯಿ ಅಂತ ಕರೆಸಿಕೊಳ್ಳೋ ಆಸೆಯಲ್ಲಿ ಅದೂ ಇತ್ತು.

ಅಲ್ಲಿಗೆ ನನ್ನ ಮನಸ್ಸಿನಲ್ಲಿ ವಿಷಯ ಇತ್ಯರ್ಥ ಆಯಿತು. ಅತ್ತೆ ತಾಯಿ. ಅಮ್ಮ ಅಜ್ಜಿ. ಯಾರಿಗೂ ಊರಿಲ್ಲ. ಅಮ್ಮನ ಹತ್ತಿರ ನಾನೇ ಹೋಗಿ ಹೇಳಿದೆ. ಅತ್ತೆ ಕಣದಲ್ಲಿ ಹೇಳಿದ ಮಾತನ್ನೂ ಇದ್ದ ಹಾಗೇ ಹೇಳಿದೆ. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಫಿ ಮಾಡಿಕೊಟ್ಟಳು.

ಇಲ್ಲೊಂದು ಮಾತು ತಮ್ಮನಿಗೆ. ಗಂಡನ ಅಮ್ಮನ ಹತ್ತಿರ ಗಂಡ ಮಾತಾಡಬೇಕು, ಹೆಂಡತಿಯ ಅಮ್ಮನ ಹತ್ತಿರ ಹೆಂಡತಿ. ಇದನ್ನ ಅದಲು ಬದಲು ಮಾಡಬಾರದು. ನಾನೇ ಹೋಗಿ ಅತ್ತೆಗೆ ಹೇಳಿದ್ದರೆ ಸೊಸೆ ನನ್ನ ಹೆಸರು ಕಿತ್ತುಕೊಳ್ಳೋಕೆ ಬಂದಳು ಅಂತಾಗುತ್ತಿತ್ತು. ಕಣದಲ್ಲಿ ಮಗನ ಹತ್ತಿರ ಬಂದ ಆ ಮಾತು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಇನ್ನೊಂದು, ವಾಟ್ಸಾಪ್ ಗ್ರೂಪಿನಲ್ಲಿ ಇದನ್ನ ಚರ್ಚೆಗೆ ಹಾಕಬೇಡ. ನೋವಾದವರು ಅಲ್ಲಿ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅವರು ಒಪ್ಪಿದರು ಅಂತ ಉಳಿದವರು ತಿಳಿದುಕೊಳ್ಳುತ್ತಾರೆ. ನೋವು ಹಾಗೇ ಉಳಿಯುತ್ತೆ.

"ಮಗು ಕರೆದದ್ದೇ ಹೆಸರು"

ಈ ಮಾತು ಎಲ್ಲರೂ ಹೇಳುತ್ತಾರೆ. ಜಗಳ ಯಾಕೆ, ಮಗು ಏನು ಕರೆಯುತ್ತೋ ಅದೇ ಇರಲಿ ಬಿಡಿ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ನಾನು ಒಪ್ಪೋದಿಲ್ಲ. ಮಗು ಹೆಸರನ್ನ ತಾನೇ ಹುಟ್ಟಿಸೋದಿಲ್ಲ. ಪಕ್ಕದಲ್ಲಿ ಇರೋರು ಹೇಳಿದ್ದನ್ನ ಹೇಳುತ್ತೆ. ಮಗುವಿಗೆ ಬಿಟ್ಟಿದ್ದೇವೆ ಅಂದರೆ ಜಾಸ್ತಿ ಹೊತ್ತು ಮಗುವಿನ ಹತ್ತಿರ ಇರೋರಿಗೆ ಬಿಟ್ಟಿದ್ದೇವೆ ಅಂತಲೇ ಅರ್ಥ.

2018ರ ಆಗಸ್ಟ್ ಮಳೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆಯೆಲ್ಲ ಗುಡ್ಡ ಕುಸಿದು ನಮ್ಮ ತವರಿನ ದಾರಿಯೇ ಇಲ್ಲದಂತಾಯಿತು. ಅಮ್ಮ ಮೊಮ್ಮಗಳನ್ನ ನೋಡಿಕೊಂಡು ಹೋಗೋಕೆ ಬಂದವಳು ನಮ್ಮಲ್ಲೇ ಉಳಿದಳು. ಮಗಳಿಗೆ ಒಂದೊಂದೇ ಮಾತು ಬರುತ್ತಿದ್ದ ಸಮಯ. ಕರೆಂಟಿಲ್ಲ, ಹೊರಗೆ ಹೋಗೋ ಹಾಗಿಲ್ಲ. ಇಡೀ ದಿನ ಅಮ್ಮನ ಸೊಂಟದ ಮೇಲೆ ಅವಳು. ಅಜ್ಜಿ ಹತ್ರ ಹೋಗು, ಅಜ್ಜಿಗೆ ಕೊಡು, ಅಜ್ಜಿ ಎಲ್ಲಿ ಅಂತ ನಾವೂ ಹೇಳುತ್ತಲೇ ಇದ್ದೆವು. ಮಳೆ ನಿಲ್ಲೋ ಹೊತ್ತಿಗೆ ಅವಳಿಗೆ ಅಜ್ಜಿ ಅನ್ನೋದು ಚೆನ್ನಾಗಿ ಬಂತು. ತಾಯಿ ಅನ್ನೋದು ಬಂದಿರಲಿಲ್ಲ. ಸಿಗ್ನಲ್ ಸಿಕ್ಕಾಗಲೆಲ್ಲ ಅತ್ತೆ ಫೋನ್ ಮಾಡೋರು. ಮಗು ಹೇಗಿದೆ, ನಿಮ್ಮಮ್ಮನಿಗೆ ಊರಿಂದ ಸುದ್ದಿ ಬಂತಾ, ಮನೆ ಹಿಂದಿನ ಗುಡ್ಡದ ಬರೆ ಗಟ್ಟಿ ಇದೆಯಾ ಅಂತ ಎಲ್ಲ ಕೇಳೋರು. ಅಮ್ಮನ ಹತ್ತಿರ ಕೊಡು ಅಂತ ಹೇಳಿ ಅವಳ ಹತ್ತಿರವೂ ಮಾತಾಡೋರು. ಅವರಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದನ್ನ ನಾನು ನೋಡಿದ್ದು ಆಗಲೇ.

ಆ ವರ್ಷದ ಪುತ್ತರಿಗೆ, ಕೊಡಗಿನ ಸುಗ್ಗಿ ಹಬ್ಬಕ್ಕೆ, ಅತ್ತೆ ನಮ್ಮ ಅಪ್ಪ ಅಮ್ಮನನ್ನೂ ಕರೆದರು. ಮಳೆಯಿಂದ ಎಲ್ಲರ ಮನಸ್ಸೂ ಭಾರವಾಗಿತ್ತು, ಆದರೂ ಹಬ್ಬ ಬಿಡೋ ಹಾಗಿರಲಿಲ್ಲ. ರಾತ್ರಿ ಗದ್ದೆಯಿಂದ ಕದಿರು ತಂದು, ಪೊಲಿ ಪೊಲಿ ದೇವಾ ಅಂತ ಕೂಗಿಕೊಂಡು ಒಳಗೆ ಬಂದು, ಹೊಸ ಕದಿರನ್ನ ಕಟ್ಟಿಯಾಯಿತು. ಅತ್ತೆ ಅಡುಗೆಮನೆಯಿಂದ ತಂಬುಟ್ಟಿನ ತಟ್ಟೆ ಹಿಡಿದು ಬಂದು ಮಗಳ ಮುಂದೆ ಕೂತರು. ಅವಳು ಎರಡೂ ಕೈ ಚಾಚಿ, ಅಜ್ಜಿ ಅಂದಳು. ಅತ್ತೆ ತುತ್ತು ಕೊಟ್ಟರು. ಏನೂ ಹೇಳಲಿಲ್ಲ. ಮುಖದ ಮೇಲೆ ಮಾತ್ರ ಏನೋ ಹಾದುಹೋಯಿತು. ನಾನು, ಇವರು ಇಬ್ಬರೂ ಒಟ್ಟಿಗೇ ಏನೋ ಹೇಳೋಕೆ ಹೋದೆವು. ಅಷ್ಟರಲ್ಲಿ ಅಮ್ಮ ಮುಂದೆ ಬಗ್ಗಿ, ಮಗಳ ಗಲ್ಲ ಹಿಡಿದು, "ಪುಟ್ಟಿ, ಅಜ್ಜಿ ನಾನು. ಇವರು ತಾಯಿ. ತಾಯಿ ಅನ್ನು" ಅಂದಳು. ಮಗಳು ಅವಳ ಬಾಯಿಯನ್ನೇ ನೋಡಿದಳು. ಅಮ್ಮ ಮತ್ತೆ ಹೇಳಿದಳು. ಅವಳು, "ತಾಯಿ" ಅಂದಳು. ಅದು ಸರಿಯಾಗಿ ಬರಲಿಲ್ಲ, ತಾಯ್ ಅಂತಲೋ ಏನೋ ಬಂತು. ಅತ್ತೆ ಅಮ್ಮನ ಕೈ ಹಿಡಿದುಕೊಂಡರು.

ಆ ಪದ ಕಂಡರೆ ಆಗದಿದ್ದ ಅಮ್ಮ ಅದನ್ನ ತಾನೇ ಕಲಿಸಿದಳು. ನಾನು ಕಲಿಸಿದ್ದರೆ, ಇವರು ಕಲಿಸಿದ್ದರೆ, ಅದು ಅತ್ತೆಗೆ ಸಲ್ಲಬೇಕಾದದ್ದು ಸಂದ ಹಾಗೆ, ಅಷ್ಟೇ. ಅಮ್ಮ ಕಲಿಸಿದ್ದರಿಂದ ಅದು ಬೀಗಿತ್ತಿ ಕೊಟ್ಟದ್ದಾಯಿತು. ಅತ್ತೆ ಅದನ್ನ ಮರೆತಿಲ್ಲ. ಇವತ್ತಿಗೂ ಆ ಮನೆಯಲ್ಲಿ ಯಾರಾದರೂ ಬಾಯಿ ತಪ್ಪಿ ಸೋಮವಾರಪೇಟೆ ಅಜ್ಜಿ ಅಂದರೆ, "ಅಜ್ಜಿ ಅಂದ್ರೆ ಸಾಕು" ಅಂತ ಅವರೇ ತಿದ್ದುತ್ತಾರೆ. ನಾವು ತಿದ್ದೋ ಅಗತ್ಯ ಬಂದಿಲ್ಲ.

ಗೋಡೆಯ ಮೇಲಿನ ಅಜ್ಜ

ಅಜ್ಜಂದಿರ ವಿಷಯದಲ್ಲಿ ತೊಡಕು ಬರುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ನಮ್ಮ ಅಪ್ಪನೊಬ್ಬರೇ ಇದ್ದರು. ಮಾವ ನಮ್ಮ ಮದುವೆಗೆ ಮೊದಲೇ ತೀರಿಹೋಗಿದ್ದರು. ಆದರೆ ಅತ್ತೆಯ ಮನಸ್ಸಿನಲ್ಲಿ ಒಂದು ಮಾತಿತ್ತು. ಮಗು ಅಜ್ಜ ಅಂದರೆ ಒಬ್ಬರನ್ನೇ ತೋರಿಸುತ್ತೆ, ಇನ್ನೊಬ್ಬರು ಇದ್ದರು ಅನ್ನೋದೇ ಅದಕ್ಕೆ ಗೊತ್ತಾಗೋದಿಲ್ಲ ಅಂತ. ಅದನ್ನ ಅವರು ಬಾಯಿಬಿಟ್ಟು ಹೇಳಿದವರಲ್ಲ. ಕೊಡವರ ಮನೆಗಳಲ್ಲಿ ಹಿರಿಯರನ್ನ ನೆನೆಯದೆ ಯಾವ ಕೆಲಸವೂ ಶುರುವಾಗೋದಿಲ್ಲ. ಗುರುಕಾರಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ ಇಡೋದು ಇಟ್ಟೇ ಉಳಿದವರಿಗೆ. ಅಂಥ ಮನೆಯಲ್ಲಿ ಮಾವನ ಹೆಸರು ಮೊಮ್ಮಗಳ ಬಾಯಲ್ಲಿ ಇಲ್ಲ ಅನ್ನೋದು ಅವರನ್ನ ಎಷ್ಟು ಕಾಡಿರಬಹುದು.

ಅದನ್ನ ಗಮನಿಸಿದ್ದು ಅಪ್ಪ. ಅಪ್ಪ ಹೆಚ್ಚು ಮಾತಾಡೋರಲ್ಲ. ಅದೇ ಪುತ್ತರಿಯ ಮರುದಿನ ಬೆಳಿಗ್ಗೆ ಮಗಳನ್ನ ಎತ್ತಿಕೊಂಡು ಪಡಸಾಲೆಯಲ್ಲಿ ಮಾವನ ಫೋಟೋ ಕೆಳಗೆ ನಿಂತಿದ್ದರು. ಅಜ್ಜ ಯಾರು ಹೇಳು ಅಂದರು. ಅವಳು ಅಪ್ಪನ ಮೀಸೆ ಹಿಡಿದಳು. ಅಪ್ಪ ಅವಳ ಕೈಯನ್ನ ಫೋಟೋ ಕಡೆ ತಿರುಗಿಸಿ, "ಇವರು ಅಜ್ಜ. ಮೊದಲು ಇವರು. ನಾನೂ ಅಜ್ಜ" ಅಂದರು. ಫೋಟೋದ ಅಜ್ಜನಿಗೆ ದೊಡ್ಡ ಅಜ್ಜ ಅಂತಲೋ, ಸ್ವರ್ಗದ ಅಜ್ಜ ಅಂತಲೋ ಬೇರೆ ಹೆಸರಿಡೋಣ ಅಂತ ಯಾರೋ ಹೇಳಿದಾಗ ಅಪ್ಪ ಬೇಡ ಅಂದರು. ಇದ್ದಿದ್ದರೆ ಏನಂತ ಕರೀತಿದ್ದಳೋ ಅದೇ ಇರಲಿ, ನನ್ನಿಂದ ಅವರ ಹೆಸರು ಯಾಕೆ ಬದಲಾಗಬೇಕು ಅಂತ ಕೇಳಿದರು. ನನ್ನ ಮಗಳಿಗೆ ಈಗಲೂ ಇಬ್ಬರು ಅಜ್ಜ. ಯಾವ ಅಜ್ಜನ ಮಾತು ಅಂತ ಅವಳು ಹೇಳೋ ಕಥೆಯಿಂದಲೇ ನಮಗೆ ಗೊತ್ತಾಗುತ್ತೆ. ಮಾವನ ಕಥೆಗಳೆಲ್ಲ ಅವಳಿಗೆ ಅತ್ತೆ ಹೇಳಿದವು: ಕೋವಿ ಒರೆಸುತ್ತಾ ಹಾಡು ಹೇಳೋರು, ಕಾಫಿ ಹೂ ಬಿಟ್ಟಾಗ ತೋಟದಿಂದ ಊಟಕ್ಕೂ ಬರುತ್ತಿರಲಿಲ್ಲ ಅನ್ನೋವು. ನಾನೇ ಕೇಳಿರದ ಎಷ್ಟೋ ವಿಷಯ ಅವಳಿಗೆ ಗೊತ್ತು.

ತೀರಿಹೋದ ಅಜ್ಜ ಅಜ್ಜಿಯರ ಬಗ್ಗೆ ಈ ಚರ್ಚೆಗಳಲ್ಲಿ ಯಾರೂ ಮಾತಾಡೋದಿಲ್ಲ. ಮಾತಾಡಬೇಕು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಒಬ್ಬರೇ ಉಳಿದವರು ತಮಗೊಂದು ಹೆಸರು ಕೇಳುವಾಗ ಹೋದವರಿಗೂ ಸೇರಿಸಿ ಕೇಳುತ್ತಿರುತ್ತಾರೆ.

ಈಗ ಅಮ್ಮ ಆ ಕಡೆ

ತಮ್ಮನ ಹೆಂಡತಿಯದು ತಲಶ್ಶೇರಿ. ಮಲಯಾಳದಲ್ಲಿ ಅಪ್ಪನ ಅಮ್ಮ ಅಚ್ಛಮ್ಮ, ಅಮ್ಮನ ಅಮ್ಮ ಅಮ್ಮಮ್ಮ. ಅವರ ಭಾಷೆಯಲ್ಲೇ ಎರಡೂ ಬೇರೆ ಇರೋದರಿಂದ ನಮ್ಮಷ್ಟು ಕಷ್ಟ ಆಗಲಿಕ್ಕಿಲ್ಲ ಅಂತ ತಮ್ಮ ಅಂದುಕೊಂಡಿದ್ದಾನೆ. ಅಮ್ಮ ಮಾತ್ರ ಈ ಸಲ ಬಿಡೋದಿಲ್ಲ, ತಾನು ಅವ್ವ ಅಂತ ಗಟ್ಟಿಯಾಗಿ ಹೇಳಿದ್ದಾಳೆ. ಅದಕ್ಕೆ ಯಾರದೂ ತಕರಾರಿಲ್ಲ, ನನಗಂತೂ ತುಂಬ ಸಂತೋಷ. ಒಬ್ಬ ಮೊಮ್ಮಗಳಿಗೆ ಅಜ್ಜಿ, ಇನ್ನೊಂದು ಮೊಮ್ಮಗುವಿಗೆ ಅವ್ವ. ಮಕ್ಕಳು ಹೊಂದಿಕೊಳ್ಳುತ್ತಾರೆ.

ಆದರೆ ಕಳೆದ ವಾರ ಅಮ್ಮ ಫೋನಿನಲ್ಲಿ ಬಾಣಂತನದ ಏರ್ಪಾಡು ಹೇಳುತ್ತಾ ಇದ್ದಳು. ಹೆರಿಗೆ ಎಲ್ಲಿ, ಎಷ್ಟು ತಿಂಗಳು ಎಲ್ಲಿ, ತೊಟ್ಟಿಲು ಯಾವಾಗ ಅಂತ. ನಡುವೆ, "ಆಮೇಲೆ ತಲಶ್ಶೇರಿ ಅಜ್ಜಿ ಬಂದು ಒಂದಿಷ್ಟು ದಿನ ಇರ್ತಾರೆ" ಅಂದಳು. ನಾನು ತಡೆದೆ. "ಅಮ್ಮಾ, ಯಾವ ಅಜ್ಜಿ?" ಅಂದೆ. ಅವಳಿಗೆ ತಕ್ಷಣ ಗೊತ್ತಾಯಿತು. ಸ್ವಲ್ಪ ಹೊತ್ತು ಮಾತಿಲ್ಲ. ಇದರಲ್ಲಿ ಅವಳನ್ನ ದೂರೋಕೆ ಏನೂ ಇಲ್ಲ. ಮಗನ ಮನೆಯಲ್ಲಿ ಕೂತಾಗ ಯಾರ ಬಾಯಿಂದಲೂ ಹಾಗೇ ಬರುತ್ತೆ. ಮನೆ ನಮ್ಮದು, ಬರೋರು ಅವರು ಅಂತ ಗೊತ್ತಿಲ್ಲದೇ ಅನ್ನಿಸಿರುತ್ತೆ. ಊರು ತಾನಾಗೇ ಬಂದು ಸೇರಿಕೊಳ್ಳುತ್ತೆ.

"ಅವರಿಗೆ ಏನಂತ ಕರೆಸಿಕೊಳ್ಳೋ ಆಸೆ ಇದೆಯೋ, ಕೇಳಿದೀರಾ?" ಅಂದೆ. ಇಲ್ಲ ಅಂದಳು. ತಮ್ಮ ಕೇಳಲಿ ಅಂದೆ. "ಅವನು ಕೇಳಿದ್ರೆ ಅಳಿಯ ಕೇಳಿದ ಹಾಗೆ. ನಾನೇ ಕೇಳ್ತೀನಿ" ಅಂದಳು. ಭಾಷೆ ಹೇಗೆ ಅಂದರೆ, ಅವರಿಗೆ ಒಂಚೂರು ಕನ್ನಡ ಬರುತ್ತೆ, ನಂಗೆ ಒಂಚೂರು ಮಲಯಾಳ ಬರುತ್ತೆ, ಸಾಕು ಅಂದಳು. ಮದುವೆ ಆದಾಗಿನಿಂದ ಎಲ್ಲ ಮಾತೂ ತಮ್ಮನ ಮೂಲಕವೇ ಆಗುತ್ತಿದ್ದದ್ದರಿಂದ ಬೀಗಿತ್ತಿಯ ನಂಬರು ಅವಳ ಹತ್ತಿರ ಇರಲಿಲ್ಲ. ಕಳಿಸು ಅಂದಳು, ಕಳಿಸಿದ್ದೇನೆ.